ನಮ್ಮ ರಸ್ತೆ ಯಾವ ಕಚೇರಿಯದು? ಪುಣೆ ಜಿಲ್ಲೆಯ ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿರುವವರ ಸಲಹೆ ಬೇಕು

ಪ್ರಶ್ನೆ: ಧಾರವಾಡದವಳು, ಈಗ ಪುಣೆ

ಎಲ್ಲರಿಗೂ ನಮಸ್ಕಾರ. ಪುಣೆಯ ಪಶ್ಚಿಮಕ್ಕೆ, ಮಹಾನಗರಪಾಲಿಕೆಯ ಗಡಿ ದಾಟಿದ ಮೇಲೆ ಬರುವ ಒಂದು ಗ್ರಾಮ ಪಂಚಾಯತಿಯ ವ್ಯಾಪ್ತಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿ ಇದೆ. ಇಲ್ಲಿರುವವರಲ್ಲಿ ಹೆಚ್ಚಿನವರು ಹಿಂಜವಡಿಯ ಐಟಿ ಪಾರ್ಕಿಗೆ ಕೆಲಸಕ್ಕೆ ಹೋಗುವವರು. ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಕಡೆಯ ಕನ್ನಡದ ಮನೆಗಳೂ ಸಾಕಷ್ಟಿವೆ. ಮುಖ್ಯ ರಸ್ತೆಯ ತಿರುವಿನಿಂದ ನಮ್ಮ ಗೇಟಿನವರೆಗೆ ಸುಮಾರು ಎರಡು ಕಿಲೋಮೀಟರ್ ಡಾಂಬರು ರಸ್ತೆಯಿದ್ದು, ಮೊದಲರ್ಧ ಹಳೆಯ ಊರಿನ ನಡುವೆ ಹಾದು, ಉಳಿದದ್ದು ಭತ್ತದ ಗದ್ದೆಗಳ ಮಧ್ಯೆ ಬರುತ್ತದೆ.

ಊರು ದಾಟಿದ ಕೂಡಲೇ ಒಂದು ಸಣ್ಣ ಪೈಪು ಮೋರಿ ಇದೆ. ಅದರ ಬಾಯಿಗೆ ಮಣ್ಣು, ಹುಲ್ಲು, ನೀರಿನ ಬಾಟಲಿಗಳು ಸಿಕ್ಕಿಕೊಂಡು ನೀರು ಒಳಗೆ ಇಳಿಯುವುದೇ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಗದ್ದೆಯ ನೀರೆಲ್ಲ ರಸ್ತೆಯ ಮೇಲೆಯೇ ಹರಿದು, ಕೆಲವೇ ವಾರಗಳಲ್ಲಿ ಡಾಂಬರು ಪದರಪದರವಾಗಿ ಎದ್ದು ಬರೀ ಜಲ್ಲಿ ಉಳಿಯುತ್ತದೆ. ಶಾಲೆಯ ಬಸ್ಸಿನವರು ಈ ವರ್ಷ ಒಳಗೆ ಬರುವುದಿಲ್ಲವೆಂದು ಹೇಳಿಬಿಟ್ಟಿದ್ದಾರೆ. ಒಂದನೆಯ, ಎರಡನೆಯ ತರಗತಿಯ ಮಕ್ಕಳು ತಿರುವಿನವರೆಗೆ ಕೆಸರಿನಲ್ಲಿ ನಡೆಯಬೇಕಾಗಿದೆ.

ಪಂಚಾಯತಿಯಲ್ಲಿ ಕೇಳಿದರೆ ಇದು ಜಿಲ್ಲಾ ಪರಿಷತ್ತಿನ ರಸ್ತೆ ಎಂದರು. ತಾಲ್ಲೂಕಿನ ಕಚೇರಿಯಲ್ಲಿ ಈ ಭಾಗ ಪಿಎಂಆರ್‌ಡಿಎಗೆ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಬರುತ್ತದೆ ಎಂಬ ಉತ್ತರ ಸಿಕ್ಕಿತು. ಇನ್ನೊಬ್ಬರು ಎಂಐಡಿಸಿಯ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ) ಕಡೆ ಕೈ ತೋರಿಸಿದರು. ಪಂಚಾಯತಿಯ ಕಾರ್ಯದರ್ಶಿಯಾದ ಗ್ರಾಮಸೇವಕರನ್ನು ಹಿಡಿದು ಮಾತಾಡೋಣವೆಂದರೆ, ಅವರ ಮೇಲೆ ಬೇರೆ ಊರುಗಳ ಹೆಚ್ಚುವರಿ ಹೊಣೆಯೂ ಇರುವುದರಿಂದ ವಾರದಲ್ಲಿ ಎರಡು ದಿನ ಮಾತ್ರ ಸಿಗುತ್ತಾರೆ. ಆ ಎರಡು ದಿನವೂ ಕಚೇರಿಯಲ್ಲಿ ಜನ ತುಂಬಿರುತ್ತಾರೆ. ಮನೆ ತೆರಿಗೆಯನ್ನು ತಪ್ಪದೆ ಕಟ್ಟುತ್ತಿರುವ ನಮ್ಮ ರಸ್ತೆಗೆ ಹೊಣೆಗಾರರು ಯಾರು, ಅದನ್ನು ತಿಳಿಯುವುದು ಹೇಗೆ, ಇಷ್ಟು ಬೆಳೆದ ಊರಿಗೆ ಪೂರ್ಣಾವಧಿಯ ಒಬ್ಬ ನೌಕರರೂ ಇಲ್ಲದಿರುವುದೇಕೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಅಭಿಯಂತರ, ಅಕ್ಕಲಕೋಟೆ

ಸಹೋದರಿ, ನಾನು ಅಕ್ಕಲಕೋಟೆ ತಾಲ್ಲೂಕಿನವನು. ಮಹಾರಾಷ್ಟ್ರದ ಜಿಲ್ಲಾ ಪರಿಷತ್ತಿನ ಬಾಂಧಕಾಮ (ಕಾಮಗಾರಿ) ವಿಭಾಗದಲ್ಲಿ ದುಡಿದು ನಿವೃತ್ತನಾಗಿ, ಈಗ ಪುಣೆಯಲ್ಲಿ ಮಗನ ಮನೆಯಲ್ಲಿದ್ದೇನೆ. ನಿಮಗೆ ಸಿಕ್ಕ ಉತ್ತರಗಳು ಒಂದಕ್ಕೊಂದು ತಾಳೆಯಾಗದಿರುವುದು ನನಗೆ ಹೊಸದಲ್ಲ. ಆದರೆ ಅವುಗಳಲ್ಲಿ ಯಾವುದು ನಿಜವೆಂಬುದನ್ನು ಕಾಗದದ ಮೇಲೆ ಗೊತ್ತುಮಾಡಿಕೊಳ್ಳುವ ದಾರಿಯಿದೆ.

ಈ ರಾಜ್ಯದಲ್ಲಿ ರಾಜ್ಯ ಹೆದ್ದಾರಿ ಮತ್ತು ಪ್ರಮುಖ ಜಿಲ್ಲಾ ಮಾರ್ಗಗಳನ್ನು ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆ ನೋಡಿಕೊಳ್ಳುತ್ತದೆ. ಇತರ ಜಿಲ್ಲಾ ಮಾರ್ಗ ಮತ್ತು ಗ್ರಾಮೀಣ ಮಾರ್ಗ ಎಂಬ ಎರಡು ವರ್ಗಗಳು ಜಿಲ್ಲಾ ಪರಿಷತ್ತಿನವು. ಊರಿನ ಗಾವಠಾಣದೊಳಗಿನ (ಹಳೆಯ ವಸತಿ ಪ್ರದೇಶದೊಳಗಿನ) ಓಣಿಗಳು ಗ್ರಾಮ ಪಂಚಾಯತಿಯವು. ಹಿಂಜವಡಿಯ ಐಟಿ ಪಾರ್ಕಿನ ಒಳರಸ್ತೆಗಳು ಎಂಐಡಿಸಿಯವು, ಆದರೆ ಆ ಹೊಣೆ ಪಾರ್ಕಿನ ಗಡಿಗೇ ಮುಗಿಯುತ್ತದೆ. 2015ರಲ್ಲಿ ಸ್ಥಾಪನೆಯಾದ ಪಿಎಂಆರ್‌ಡಿಎ ಕಟ್ಟಡಗಳಿಗೆ ಪರವಾನಗಿ ಕೊಡುತ್ತದೆ, ಕೆಲವು ದೊಡ್ಡ ರಸ್ತೆಗಳನ್ನೂ ನಿರ್ಮಿಸುತ್ತದೆ. ಹಾಗೆಂದು ತನ್ನ ವ್ಯಾಪ್ತಿಯ ಪ್ರತಿಯೊಂದು ಹಳ್ಳಿಯ ರಸ್ತೆಯ ಗುಂಡಿ ಮುಚ್ಚುವ ಕೆಲಸ ಅದರದಲ್ಲ.

ಜಿಲ್ಲಾ ಪರಿಷತ್ತಿನ ಪ್ರತಿಯೊಂದು ರಸ್ತೆಗೂ ಒಂದು ಕ್ರಮಾಂಕವಿರುತ್ತದೆ. ತಾಲ್ಲೂಕು ಮಟ್ಟದ ಪಂಚಾಯತ್ ಸಮಿತಿಯಲ್ಲಿರುವ ಬಾಂಧಕಾಮ ಉಪವಿಭಾಗಕ್ಕೆ ಹೋಗಿ, ನಿಮ್ಮ ಊರಿನ ಹೆಸರು ಹೇಳಿ, ರಸ್ತೆ ನೋಂದಣಿ ಪುಸ್ತಕವನ್ನು ತೋರಿಸುವಂತೆ ಕೇಳಿರಿ. ಅದರಲ್ಲಿ ಗ್ರಾಮೀಣ ಮಾರ್ಗದ ಕ್ರಮಾಂಕ, ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಎಷ್ಟು ಡಾಂಬರು, ಎಷ್ಟು ಖಡಿ (ಜಲ್ಲಿ) ಎಂಬುದೆಲ್ಲ ಇರುತ್ತದೆ. ಹೋಗುವ ಮುನ್ನ ರಸ್ತೆಯ ಬದಿಯ ಕಿಲೋಮೀಟರ್ ಕಲ್ಲನ್ನೂ ನೋಡಿಕೊಳ್ಳಿರಿ. ಕಲ್ಲಿನ ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆಯಿದ್ದರೆ ಅದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಳ್ಳಿಯ ರಸ್ತೆ. 2000ದ ಡಿಸೆಂಬರ್ 25ರಂದು ಆರಂಭವಾದ ಈ ಯೋಜನೆಯ ರಸ್ತೆಯಾದರೆ, ಕೆಲಸ ಮುಗಿದ ಮೇಲೆ ಐದು ವರ್ಷ ಅದೇ ಗುತ್ತಿಗೆದಾರರೇ ನಿರ್ವಹಣೆ ಮಾಡಬೇಕು. ಮುಗಿದ ದಿನಾಂಕವೂ ವರ್ಷವಾರು ನಿರ್ವಹಣೆಯ ಮೊತ್ತವೂ ರಸ್ತೆಯ ಆರಂಭದಲ್ಲಿ ನೆಟ್ಟ ಫಲಕದ ಮೇಲೆಯೇ ಇರುತ್ತವೆ. ಅವಧಿ ಉಳಿದಿದ್ದರೆ ಹೊಸ ಅನುದಾನ ಕೇಳಬೇಕಾಗಿಯೇ ಇಲ್ಲ.

ನಿಮ್ಮ ವಿವರಣೆ ಓದಿದರೆ ನನಗಿರುವ ಅನುಮಾನ ಬೇರೆ. ಊರು ದಾಟಿದ ಮೇಲಿನ ಭಾಗ ಯಾವ ಪುಸ್ತಕದಲ್ಲೂ ಇಲ್ಲದಿರಬಹುದು. ಪುಣೆಯ ಸುತ್ತ ಇಂಥವು ಬಹಳ. ಹಿಂದೆ ಎತ್ತಿನ ಗಾಡಿ ಹೋಗುತ್ತಿದ್ದ ಪಾಣಂದ (ಹೊಲಗಳ ನಡುವಿನ) ದಾರಿಯ ಮೇಲೆ ಬಿಲ್ಡರ್ ತನ್ನ ಕೆಲಸಕ್ಕಾಗಿ ಡಾಂಬರು ಹಾಕಿ, ಫ್ಲ್ಯಾಟುಗಳು ಮಾರಾಟವಾದ ಮೇಲೆ ಅದನ್ನು ಯಾರಿಗೂ ಹಸ್ತಾಂತರಿಸದೆ ಹೊರಟುಹೋಗಿರುತ್ತಾನೆ. ಕ್ರಮಾಂಕವಿಲ್ಲದ ರಸ್ತೆಗೆ ದುರಸ್ತಿ ಹಣ ಹಾಕಿದ ಅಭಿಯಂತರ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತಾನೆ, ಆದ್ದರಿಂದ ಮನಸ್ಸಿದ್ದರೂ ಮುಟ್ಟುವುದಿಲ್ಲ. ಹಾಗಿದ್ದರೆ ಮೊದಲ ಕೆಲಸವೆಂದರೆ ಗ್ರಾಮ ಪಂಚಾಯತಿಯ ಠರಾವು (ನಿರ್ಣಯ) ಪಡೆದು, ಆ ದಾರಿಯನ್ನು ಗ್ರಾಮೀಣ ಮಾರ್ಗವೆಂದು ದರ್ಜೆಗೇರಿಸುವ ಪ್ರಸ್ತಾವವನ್ನು ಜಿಲ್ಲಾ ಪರಿಷತ್ತಿಗೆ ಕಳಿಸುವುದು. ನಿಧಾನದ ದಾರಿ ನಿಜ, ಆದರೆ ಇದನ್ನು ಬಿಟ್ಟು ಮಾಡುವ ಮನವಿಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಕ್ರಮಾಂಕ ಇದ್ದರೆ ಹಣ ಬರುವ ಬಾಗಿಲುಗಳು ಗೊತ್ತಿರುವವೇ. ಜಿಲ್ಲಾ ನಿಯೋಜನ (ಯೋಜನಾ) ಸಮಿತಿಯ ಮೂಲಕ ಹಣ ಬರುವ, ಸರ್ಕಾರಿ ಲೆಕ್ಕದಲ್ಲಿ ರಸ್ತೆ ಖರ್ಚಿನ ಲೆಕ್ಕಶೀರ್ಷಿಕೆಗಳಾದ 3054 ಮತ್ತು 5054 ಇವೆರಡೂ ಗ್ರಾಮೀಣ ರಸ್ತೆಗಳ ಜೀವನಾಡಿ. ಕಚೇರಿಯಲ್ಲಿ ಎಲ್ಲರೂ 3054ಕ್ಕೆ ‘ತೀಸ್ ಚೋಪನ್’ (ಮೂವತ್ತು ಐವತ್ನಾಲ್ಕು) ಎಂದೇ ಮಾತಾಡುತ್ತಾರೆ. ನೀವೂ ಹಾಗೆಯೇ ಕೇಳಿರಿ, ಎದುರಿನವರು ಕುರ್ಚಿ ಕೊಟ್ಟು ಕೂರಿಸುತ್ತಾರೆ.

ಒಂದು ಮಾತನ್ನು ಮಾತ್ರ ಮನಬಿಚ್ಚಿ ಹೇಳಬೇಕು. ನಿಮ್ಮ ರಸ್ತೆ ಕೆಟ್ಟದ್ದು ಡಾಂಬರಿನ ಕೊರತೆಯಿಂದಲ್ಲ, ಆ ಮೋರಿಯ ಬಾಯಿ ಕಟ್ಟಿದ್ದರಿಂದ. ಹಿಂದೆ ಇಂತಿಷ್ಟು ಮೈಲಿಗೆ ಒಬ್ಬನೆಂದು ಮೈಲು ಕೂಲಿಗಳಿರುತ್ತಿದ್ದರು, ಅವರ ಮೇಲೊಬ್ಬ ಮುಕಾದಮ (ಮೇಸ್ತ್ರಿ) ಇರುತ್ತಿದ್ದ. ಮೇ ತಿಂಗಳು ಬಂತೆಂದರೆ ಸನಿಕೆ, ಗುದ್ದಲಿ ಹಿಡಿದು ಬದಿಯ ಗಟಾರ ತೋಡುವುದು, ಮೋರಿ ಬಿಡಿಸುವುದು, ಸೈಡ್ ಪಟ್ಟಿಗೆ ಮುರುಮು ಹಾಕಿ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡುವುದು ಅವರ ಕೆಲಸ. ಬೆರಳಷ್ಟು ಬಿರುಕು ಕಂಡಾಗಲೇ ಮುಚ್ಚುತ್ತಿದ್ದರು. ಅವರು ನಿವೃತ್ತರಾದಂತೆ ಆ ಜಾಗಗಳನ್ನು ತುಂಬಲಿಲ್ಲ, ಕೆಲಸವೆಲ್ಲ ಗುತ್ತಿಗೆಗೆ ಹೋಯಿತು. ಗುತ್ತಿಗೆಯಲ್ಲಿ ಹೊಸ ಪದರಕ್ಕೆ ಬಿಲ್ಲು ಆಗುತ್ತದೆ. ಮಳೆಯ ಮುಂಚೆ ಒಂದು ಮೋರಿಯಿಂದ ಎರಡು ಬುಟ್ಟಿ ಮಣ್ಣು ತೆಗೆಯುವ ಕೆಲಸವನ್ನು ಯಾವ ಟೆಂಡರಿನಲ್ಲೂ ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಬೇರೆ ಯಾವ ಖರ್ಚು ಉಳಿಸಿದರೂ ಸರಿ, ಈ ಕೈಗಳನ್ನು ಕಳೆದುಕೊಳ್ಳಬಾರದಿತ್ತು ಎಂದು ಆ ಇಲಾಖೆಯಲ್ಲಿ ಬದುಕು ಸವೆಸಿದ ನನಗೆ ಇಂದಿಗೂ ಅನ್ನಿಸುತ್ತದೆ.

ಉತ್ತರ: ಪಿಂಪ್ರಿಯ ಕನ್ನಡಿಗ

ಹಿರಿಯರು ರಸ್ತೆಯ ಬಗ್ಗೆ ಎಲ್ಲವನ್ನೂ ಹೇಳಿದ್ದಾರೆ. ನೌಕರರ ಪ್ರಶ್ನೆಗೆ ನಾನು ತಿಳಿದಷ್ಟು ಸೇರಿಸುತ್ತೇನೆ, ಏಕೆಂದರೆ ನಮ್ಮ ಅಣ್ಣ ವಿಜಯಪುರ ಜಿಲ್ಲೆಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯಾಗಿದ್ದು, ಎರಡೂ ರಾಜ್ಯಗಳ ವ್ಯವಸ್ಥೆಯನ್ನು ಹೋಲಿಸಿ ನೋಡುವ ಅವಕಾಶ ಸಿಕ್ಕಿದೆ.

ಕರ್ನಾಟಕದಲ್ಲಿ ಹಲವು ಹಳ್ಳಿಗಳು ಸೇರಿ ಒಂದು ಗ್ರಾಮ ಪಂಚಾಯತ್ ಆಗುವುದರಿಂದ ಇಡೀ ರಾಜ್ಯಕ್ಕೆ ಅವು ಸುಮಾರು 6,000. ಮಹಾರಾಷ್ಟ್ರದಲ್ಲಿ ಬಹುಮಟ್ಟಿಗೆ ಒಂದೊಂದು ಊರಿಗೂ ಒಂದೊಂದು ಪಂಚಾಯತ್ ಇರುವುದರಿಂದ ಸಂಖ್ಯೆ ಸುಮಾರು 28,000ಕ್ಕೆ ಮುಟ್ಟಿದೆ. ಇಷ್ಟು ಪಂಚಾಯತಿಗಳಿಗೆ ಒಬ್ಬೊಬ್ಬ ಕಾರ್ಯದರ್ಶಿಯನ್ನು ಕೊಡುವುದು ಕಾಗದದ ಮೇಲೂ ಕಷ್ಟ. ಅದರಲ್ಲೂ ಜಾಗಗಳು ಖಾಲಿಯಿದ್ದಾಗ ಒಬ್ಬರ ಕೊರಳಿಗೆ ಎರಡು ಮೂರು ಊರುಗಳು ಬೀಳುತ್ತವೆ. 2019ರಲ್ಲಿ ಹೊರಡಿಸಿದ ಜಿಲ್ಲಾ ಪರಿಷತ್ ನೇಮಕಾತಿಯ ಜಾಹೀರಾತು ವರ್ಷಗಟ್ಟಲೆ ಎಳೆದು ಕೊನೆಗೆ ರದ್ದಾಯಿತು. ಮತ್ತೆ 2023ರ ಆಗಸ್ಟ್‌ನಲ್ಲಿ ರಾಜ್ಯದ 34 ಜಿಲ್ಲಾ ಪರಿಷತ್ತುಗಳಿಗೆ ಒಟ್ಟು 19,460 ಜಾಗಗಳ ಜಾಹೀರಾತು ಬಂತು. ನಡುವಿನ ಆ ವರ್ಷಗಳಲ್ಲಿ ನಿವೃತ್ತರಾದವರ ಕೆಲಸವನ್ನು ಉಳಿದವರೇ ಹೊತ್ತಿದ್ದಾರೆ. 2024ರಲ್ಲಿ ಗ್ರಾಮಸೇವಕ ಮತ್ತು ಗ್ರಾಮ ವಿಕಾಸ ಅಧಿಕಾರಿ ಎಂಬ ಎರಡು ಹುದ್ದೆಗಳನ್ನು ಕೂಡಿಸಿ ‘ಗ್ರಾಮ ಪಂಚಾಯತ್ ಅಧಿಕಾರಿ’ ಎಂಬ ಒಂದೇ ಹುದ್ದೆ ಮಾಡಿದ್ದಾರೆ, ಆದರೆ ಹೆಸರು ಬದಲಾದ ಮಾತ್ರಕ್ಕೆ ಅವರ ಮೇಜಿನ ಮೇಲಿನ ಕಡತಗಳು ಕಡಿಮೆಯಾಗಿಲ್ಲ.

ಹಣಕಾಸು ಆಯೋಗದ ಅನುದಾನವೂ ಈ ಕೊರತೆಯನ್ನು ನೀಗಿಸಲಾರದು. ಹದಿನೈದನೆಯ ಆಯೋಗದ ಅನುದಾನದಲ್ಲಿ ಶೇಕಡಾ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಬದ್ಧವಾಗಿತ್ತು. ಉಳಿದ ಶೇಕಡಾ 40ನ್ನು ಊರಿನ ಅಗತ್ಯಕ್ಕೆ ಬಳಸಬಹುದಿತ್ತಾದರೂ ಸಂಬಳ ಕೊಡುವಂತಿರಲಿಲ್ಲ. ಆದಕಾರಣ ಆ ಗ್ರಾಮಸೇವಕರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿರಿ. ಗಟ ವಿಕಾಸ ಅಧಿಕಾರಿಗಳಿಗೆ (ಪಂಚಾಯತ್ ಸಮಿತಿಯ ಮುಖ್ಯ ಅಧಿಕಾರಿ, ಬಿಡಿಒ) ಸೊಸೈಟಿಯ ಪರವಾಗಿ ಪತ್ರ ಬರೆದು, ಊರಿನ ಜನಸಂಖ್ಯೆ, ಮನೆಗಳ ಸಂಖ್ಯೆ ಮತ್ತು ಪಂಚಾಯತಿಗೆ ಬರುವ ಮನೆ ತೆರಿಗೆಯ ಮೊತ್ತವನ್ನು ತೋರಿಸಿ, ಹೆಚ್ಚುವರಿ ಹೊಣೆಯಿಲ್ಲದ ಅಧಿಕಾರಿಯನ್ನು ಕೊಡುವಂತೆ ಕೇಳುವುದು ಯೋಗ್ಯ.

ಉತ್ತರ: ವಾಘೋಲಿಯಿಂದ ಒಬ್ಬ ಗೃಹಿಣಿ

ಅಕ್ಕಾ, ನಮ್ಮ ವಾಘೋಲಿ 2021ರ ಜೂನ್‌ನಲ್ಲಿ ಇತರ 22 ಊರುಗಳ ಜೊತೆಗೆ ಪುಣೆ ಮಹಾನಗರಪಾಲಿಕೆಗೆ ಸೇರಿತು. ಪಾಲಿಕೆಗೆ ಸೇರಿದರೆ ಎಲ್ಲ ಸರಿಹೋಗುತ್ತದೆಂದು ನಿಮ್ಮ ಸೊಸೈಟಿಯಲ್ಲಿ ಯಾರಾದರೂ ಹೇಳುತ್ತಿದ್ದರೆ ನಂಬಿ ಕೈಕಟ್ಟಿ ಕೂರಬೇಡಿರಿ. ಸೇರಿದ ಮೇಲೂ ಯಾವ ರಸ್ತೆ ಯಾರದೆಂಬ ಪ್ರಶ್ನೆ ಹಾಗೆಯೇ ಇರುತ್ತದೆ, ಕೇಳಬೇಕಾದ ಕಚೇರಿಗಳು ಮಾತ್ರ ಬದಲಾಗುತ್ತವೆ.

ನಾನು ಕೇಳಬೇಕೆಂದಿರುವುದು ಒಂದೇ: ನಿಮ್ಮ ಸೊಸೈಟಿಯಲ್ಲಿ ಎಷ್ಟು ಜನರ ಹೆಸರು ಆ ಊರಿನ ಮತದಾರರ ಪಟ್ಟಿಯಲ್ಲಿದೆ? ನಮ್ಮವರಲ್ಲಿ ಬಹಳ ಜನ ಹುಟ್ಟೂರಿನ ಮತವನ್ನು ಬಿಡಲು ಒಪ್ಪುವುದಿಲ್ಲ. ಆ ಭಾವನೆ ನನಗೂ ಅರ್ಥವಾಗುತ್ತದೆ. ಆದರೆ ಗ್ರಾಮಸಭೆಯಲ್ಲಿ ಕೂತು ಮಾತಾಡುವ, ಕೈಯೆತ್ತುವ ಹಕ್ಕು ಆ ಪಟ್ಟಿಯಲ್ಲಿರುವವರಿಗೆ ಮಾತ್ರ. ಇಲ್ಲಿ ಗ್ರಾಮಸಭೆಯ ಗಣಸಂಖ್ಯೆ (ಕೋರಂ, ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಮತದಾರರ ಶೇಕಡಾ 15 ಅಥವಾ 100 ಜನ, ಯಾವುದು ಕಡಿಮೆಯೋ ಅದು. ದೊಡ್ಡ ಸೊಸೈಟಿಯೊಂದರಿಂದ ಐವತ್ತು ಜನ ಹೋದರೂ ಆ ಗಣಸಂಖ್ಯೆಯ ಅರ್ಧದಷ್ಟಾಗುತ್ತಾರೆ. ಹೆಣ್ಣುಮಕ್ಕಳು ಜೊತೆಯಾಗಿ ಹೋದರೆ ಸರಪಂಚರೂ ಕಿವಿಗೊಟ್ಟು ಕೇಳುತ್ತಾರೆಂಬುದು ನಾನು ಕಂಡದ್ದು. ಅಕ್ಟೋಬರ್ 2ರ ಗ್ರಾಮಸಭೆಯ ಹೊತ್ತಿಗೆ ಮುಂದಿನ ವರ್ಷದ ವಿಕಾಸ ಆರಾಖಡಾದ (ಅಭಿವೃದ್ಧಿ ಯೋಜನೆಯ) ಚರ್ಚೆ ಆರಂಭವಾಗುತ್ತದೆ; ರಸ್ತೆ ಅದರಲ್ಲಿ ಸೇರದಿದ್ದರೆ ಇಡೀ ವರ್ಷ ಕಾಯಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿರಿಯರು ಹೇಳಿದಂತೆ ತಿರುವಿನಿಂದ ಗೇಟಿನವರೆಗೆ ನಡೆದು ನೋಡಿದೆವು. ಊರಿನ ಮಧ್ಯದ ಕಲ್ಲಿನ ತಲೆಗೆ ಕಿತ್ತಳೆ ಬಣ್ಣ ಬಳಿದದ್ದು ಮಾಸಿದ್ದರೂ ಕಾಣುತ್ತದೆ. ಮೋರಿಯಿಂದ ಈಚೆಗೆ ಒಂದು ಕಲ್ಲೂ ಇಲ್ಲ. ಫಲಕದ ಮೇಲೆ ಯಾವುದೋ ಹುಟ್ಟುಹಬ್ಬದ ಬ್ಯಾನರ್ ಕಟ್ಟಿದ್ದಾರೆ, ದಿನಾಂಕ ಓದಲಾಗಲಿಲ್ಲ. ಉಪವಿಭಾಗದಲ್ಲಿ ಪುಸ್ತಕ ತೋರಿಸಲು ಒಪ್ಪದಿದ್ದರೆ ಏನು ಮಾಡಬೇಕು?

ಉತ್ತರ: ನಿವೃತ್ತ ಅಭಿಯಂತರ, ಅಕ್ಕಲಕೋಟೆ

ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿರಿ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಅವಧಿ. ಮಹಾರಾಷ್ಟ್ರದ ನಿಯಮದಂತೆ ಅರ್ಜಿ 150 ಪದಗಳನ್ನು ಮೀರಬಾರದು ಮತ್ತು ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ನೌಕರರ ವಿಷಯವನ್ನು ಅದರಲ್ಲಿ ಸೇರಿಸಿದರೆ ತಿರಸ್ಕರಿಸಲು ನೆವ ಸಿಗುತ್ತದೆ. ರಸ್ತೆಯ ಕ್ರಮಾಂಕ, ಆರಂಭ ಮತ್ತು ಅಂತ್ಯದ ಸ್ಥಳ, ಕಾಮಗಾರಿ ಪೂರ್ಣಗೊಂಡ ದಿನಾಂಕ, ನಿರ್ವಹಣೆಯ ಅವಧಿ, ಈ ನಾಲ್ಕನ್ನು ಮಾತ್ರ ಮರಾಠಿಯಲ್ಲಿ ಕೇಳಿರಿ. ಮೋರಿಯಿಂದ ಈಚಿನ ಭಾಗ ನೋಂದಣಿಯಲ್ಲಿಲ್ಲವೆಂದು ಅವರೇ ಬರೆದುಕೊಟ್ಟರೆ, ಆ ಪತ್ರವನ್ನೇ ಠರಾವಿಗೆ ಲಗತ್ತಿಸಬಹುದು.

ಮೋರಿಯನ್ನು ಮಾತ್ರ ಅಲ್ಲಿಯವರೆಗೆ ಬಿಡಬೇಡಿರಿ. ಅದನ್ನು ಬಿಡಿಸುವ ಕೆಲಸವನ್ನು ಗ್ರಾಮ ಪಂಚಾಯತಿ ತನ್ನ ಸ್ವಂತ ನಿಧಿಯಿಂದ ಕೂಲಿ ಹಚ್ಚಿ ಮಾಡಿಸಬಹುದು. ಸರಪಂಚರಿಗೆ ಒಂದು ಪುಟದ ಅರ್ಜಿ ಕೊಟ್ಟು, ಸ್ವೀಕೃತಿಯ ಸಹಿ ಮತ್ತು ಶಿಕ್ಕಾ (ಮೊಹರು) ಪಡೆದುಕೊಂಡು ಬನ್ನಿರಿ. ಮಳೆ ಬಿಡುವು ಕೊಟ್ಟ ದಿನ ನನಗೆ ತಿಳಿಸಿದರೆ ನಾನೂ ಬಂದು ಸ್ಥಳ ನೋಡುತ್ತೇನೆ. ಪೈಪಿನ ವ್ಯಾಸ ಸಾಲುತ್ತದೆಯೋ, ದೊಡ್ಡದು ಹಾಕಬೇಕೋ ಎಂಬುದನ್ನು ನೋಡದೆ ಹೇಳಲಾಗದು.