‘ಜವಾರಿ ತೆಗೆಯುವುದು’: ಬೇಸ್ ಗಿಟಾರಿಗೆ ಈ ಮಾತು ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿದೆ. ಅದು ನನಗೆ ಸಿಕ್ಕ ಬಗೆಯನ್ನು ಮೊದಲು ಹೇಳುತ್ತೇನೆ. ಇಲ್ಲದಿದ್ದರೆ ಪ್ರಶ್ನೆ ಅರ್ಧಕ್ಕೇ ನಿಲ್ಲುತ್ತದೆ.

ನಮ್ಮ ಮನೆ ಬೆಳಗಾವಿಯ ಅನಗೋಳದಲ್ಲಿ. ಸಂಜೆ ಹೊತ್ತು ಓಣಿಯ ಇಬ್ಬರು ಹುಡುಗರಿಗೆ ಬೇಸ್ ಗಿಟಾರ್, ಅಂದರೆ ತಗ್ಗು ಸ್ವರದ ಗಿಟಾರ್, ಹೇಳಿಕೊಡುತ್ತೇನೆ. ಹೊಸದು ಕೊಳ್ಳುವಷ್ಟು ದುಡ್ಡು ಅವರ ಹತ್ತಿರ ಇಲ್ಲ. ಹಾಗಾಗಿ ಹೋದ ತಿಂಗಳು ಬೈಲಹೊಂಗಲ ಕಡೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಒಬ್ಬರಿಂದ 6,500 ರೂಪಾಯಿಗೆ ಹಳೇದೊಂದನ್ನು ಕೊಂಡು ತಂದೆವು. ನಾಲ್ಕು ತಂತಿ, ಮೀಟುವ ತಂತಿಯ ಉದ್ದ 34 ಇಂಚು, ಮರ ಗಟ್ಟಿ. ಆದರೆ ಎಲ್ಲಕ್ಕಿಂತ ದಪ್ಪದ ತಂತಿಯನ್ನು ಮೊದಲ ನಾಲ್ಕು ಮೆಟ್ಟಿಲಲ್ಲಿ (ಕತ್ತಿನ ಮೇಲಿನ ಅಡ್ಡಪಟ್ಟಿ, ಫ್ರೆಟ್) ಎಲ್ಲಿ ಒತ್ತಿ ಮೀಟಿದರೂ ಜರ್ ಅನ್ನುತ್ತಿತ್ತು.

ಶಹಾಪುರದಲ್ಲಿ ಹಾರ್ಮೋನಿಯಂ, ತಂಬೂರಿ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುತ್ತಾರೆ. ಕರೆಂಟಿನ ಗಿಟಾರ್ ಅವರ ಕೆಲಸವಲ್ಲ. ಆದರೂ ತಂತಿಯ ವಿಷಯ ಅವರಷ್ಟು ತಿಳಿದವರು ನನಗೆ ಹತ್ತಿರದಲ್ಲಿ ಬೇರೆ ಯಾರೂ ಇಲ್ಲ. ಅವರು ಬೇಸನ್ನು ತೊಡೆಯ ಮೇಲೆ ಇಟ್ಟುಕೊಂಡು, ಮರಕ್ಕೆ ಕಿವಿ ಹಚ್ಚಿ ಎರಡು ಸಲ ಮೀಟಿದರು. ಆಮೇಲೆ, "ತಮ್ಮಾ, ಇದರ ಜವಾರಿ ತೆಗೀಬೇಕು ನೋಡು" ಅಂದರು.

ನಮ್ಮ ಕಡೆ ಜವಾರಿ ಅಂದರೆ ನಾಟಿ. ಜವಾರಿ ಕೋಳಿ, ಜವಾರಿ ಆಕಳು, ಜವಾರಿ ಬದನೆಕಾಯಿ. ಜೊತೆಗಿದ್ದ ಹುಡುಗ ತಟ್ಟನೆ, "ಇದು ಜವಾರಿ ಅಲ್ರೀ ಕಾಕಾ, ಕಂಪನೀದು" ಅಂದ. ಕಾಕಾ ನಗುತ್ತಾ ಗೋಡೆಗೆ ಒರಗಿಸಿದ್ದ ತಂಬೂರಿ ಎತ್ತಿಕೊಂಡರು.

ತಂಬೂರಿಯ ಕುದುರೆ, ಅಂದರೆ ತಂತಿಗಳನ್ನು ಹೊರುವ ಬ್ರಿಜ್, ಅಗಲ. ಮೇಲ್ಗಡೆ ಚಪ್ಪಟೆ ಅನ್ನಿಸಿದರೂ ಬೆರಳಾಡಿಸಿದರೆ ಸಣ್ಣ ಇಳಿಜಾರು ಇರುವುದು ಗೊತ್ತಾಗುತ್ತದೆ. ತಂತಿ ಅದುರುವಾಗ ಆ ಇಳಿಜಾರನ್ನು ಸವರಿಕೊಂಡೇ ಅದುರುತ್ತದೆ. ಅದಕ್ಕೇ ತಂಬೂರಿಯ ನಾದಕ್ಕೆ ಆ ಝೇಂಕಾರ. ಕಾಕಾ ಒಂದು ತಂತಿಯ ಕೆಳಗಿದ್ದ ದಾರವನ್ನು ಉಗುರಿನಿಂದ ಚೂರೇ ಚೂರು ಸರಿಸಿದರು. ಒಂದು ಕಡೆ ನಾದ ಮಂಕಾಗಿತ್ತು. ಕೂದಲೆಳೆಯಷ್ಟು ಈಚೆ ಬಂದ ಕೂಡಲೇ ಹೂವಿನಂತೆ ಅರಳಿತು. ಆ ಝೇಂಕಾರಕ್ಕೂ ಜವಾರಿ ಅನ್ನುತ್ತಾರೆ, ಅದನ್ನು ಕೊಡುವ ಇಳಿಜಾರಿಗೂ ಜವಾರಿ ಅನ್ನುತ್ತಾರೆ. ಜೀವಾರಿ ಅನ್ನುವ ರೂಪವೂ ಇದೆ. ತೆಂಕಣದ ಸಂಗೀತದವರು ಆ ದಾರಕ್ಕೆ ‘ಜೀವ’ ಅನ್ನುವುದನ್ನು ನೀವು ಕೇಳಿರಬಹುದು. ಕುದುರೆಯನ್ನು ಅರದಿಂದ ಉಜ್ಜಿ ಈ ನಾದ ಬರಿಸುವ ಕೆಲಸಕ್ಕೆ ಹೆಸರು ‘ಜವಾರಿ ತೆಗೆಯುವುದು’.

ಇಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ‘ತೆಗೆ’. ತಂಬೂರಿಯಲ್ಲಿ ಜವಾರಿ ತೆಗೆ ಅಂದರೆ ಜವಾರಿಯನ್ನು ಹೊರಡಿಸು. ಶೇಂಗಾದಿಂದ ಎಣ್ಣೆ ತೆಗೆದ ಹಾಗೆ, ಗಂಟಲಿನಿಂದ ದನಿ ತೆಗೆದ ಹಾಗೆ. ಬೇಸಿನಲ್ಲಿ ನಮಗೆ ಬೇಕಿದ್ದದ್ದು ಇದಕ್ಕೆ ಪೂರ್ತಿ ಉಲ್ಟಾ. ಆ ಜರ್ ಅನ್ನುವ ಸದ್ದು ಹೋಗಬೇಕಿತ್ತು. ಅದಕ್ಕೂ ನಾವು ‘ತೆಗೆ’ ಅಂತಲೇ ಅನ್ನುತ್ತೇವೆ, ಕಾಲಿನ ಮುಳ್ಳು ತೆಗೆದ ಹಾಗೆ. ಒಂದೇ ಮಾತು ಎರಡೂ ವಾದ್ಯಕ್ಕೆ ಸಲ್ಲುತ್ತದೆ, ಅರ್ಥ ಮಾತ್ರ ಎದುರುಬದುರು. ಕಾಕಾ ಕೆಲಸ ಕಲಿತದ್ದು ಮಹಾರಾಷ್ಟ್ರದ ಮಿರಜದಲ್ಲಿ, ಅದೇ 2024ರಲ್ಲಿ ಸಿತಾರ್ ತಂಬೂರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಊರಿನಲ್ಲಿ. ಅಲ್ಲಿ ಮರಾಠಿಯಲ್ಲಿ ‘ಜವಾರಿ ಕಾಢಣೆ’ ಅನ್ನುತ್ತಾರೆ. ಮರಾಠಿಯ ‘ಕಾಢಣೆ’ಗೂ ಹೀಗೇ ಎರಡು ಮುಖ. ಗಡಿನಾಡಿನಲ್ಲಿ ಇದು ಸಲೀಸಾಗಿ ಕನ್ನಡಕ್ಕೆ ಬಂದು ಕೂತಿದೆ ಅಂತ ನನಗನ್ನಿಸುತ್ತದೆ.

ಬೇಸಿನ ದೋಷ ಕುದುರೆಯಲ್ಲಿ ಇರಲಿಲ್ಲ. ದಪ್ಪ ತಂತಿಯನ್ನು ಮೊದಲ ಮೆಟ್ಟಿಲಲ್ಲೂ, ಕತ್ತು ಒಡಲಿಗೆ ಕೂಡುವ ಕಡೆಯೂ ಒತ್ತಿ ಹಿಡಿದು ನೋಡಿದೆವು. ನಡುವೆ ಏಳನೇ ಎಂಟನೇ ಮೆಟ್ಟಿಲ ಹತ್ತಿರ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇರಬೇಕು. ನಮ್ಮದರಲ್ಲಿ ಸಿಗರೇಟ್ ಹಾಳೆಯೂ ತೂರುತ್ತಿರಲಿಲ್ಲ. ಹಿಂದೆ ಯಾರೋ ಕತ್ತಿನ ಒಳಗಿನ ಕಬ್ಬಿಣದ ಸರಳನ್ನು ಜಾಸ್ತಿ ಬಿಗಿ ಮಾಡಿದ್ದರು. ಅಲೆನ್ ಕೀ ಹಾಕಿ ಕಾಲು ಸುತ್ತು ಸಡಿಲಿಸಿ ಒಂದು ರಾತ್ರಿ ಬಿಟ್ಟೆವು. ಮರುದಿನ ಇನ್ನೂ ಸ್ವಲ್ಪ. ಆಮೇಲೆ ಹನ್ನೆರಡನೇ ಮೆಟ್ಟಿಲ ಮೇಲೆ ತಂತಿಯ ಎತ್ತರವನ್ನು ಎರಡೂವರೆ ಮಿಲಿಮೀಟರಿಗೆ ತಂದೆವು. ಸದ್ದು ಹೋಯಿತು. ಆ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ, ಅದರ ಹೊಯ್ದಾಟ ಬರಿಗಣ್ಣಿಗೇ ಕಾಣುತ್ತದೆ. ಅದಕ್ಕೆ ಜಾಗ ಬೇಕಲ್ವಾ?

ಹಾಗಂತ ಬೇಸಿನಲ್ಲಿ ಈ ಸದ್ದು ಯಾವಾಗಲೂ ತಪ್ಪು ಅಂತ ಹೇಳುವ ಹಾಗಿಲ್ಲ. ಹೆಬ್ಬೆರಳಿನಿಂದ ತಂತಿಗೆ ಹೊಡೆದು ನುಡಿಸುವ ಸ್ಲ್ಯಾಪ್ ಶೈಲಿ ಇದೆ. ಅಮೆರಿಕದ ಲ್ಯಾರಿ ಗ್ರಹಾಂ ಅದನ್ನು ಹೆಸರಿಗೆ ತಂದವರು. ಅದರಲ್ಲಿ ತಂತಿ ಮೆಟ್ಟಿಲಿಗೆ ಬಡಿಯುವ ಸದ್ದೇ ಸೊಗಸು. ತಂಬೂರಿಯವರು ಖುಲಾ ಜವಾರಿ, ಬಂದ್ ಜವಾರಿ ಅಂತ ಎರಡು ಬಗೆ ಮಾಡಿಕೊಂಡಿದ್ದಾರೆ. ನಾದ ಬಿಚ್ಚಿಕೊಂಡಿದ್ದರೆ ಖುಲಾ, ಮುದುಡಿದ್ದರೆ ಬಂದ್. ಬೇಸಿಗೂ ಹೀಗೆ ಹೇಳಬಹುದು ಅನ್ನಿಸುತ್ತದೆ. ಹುಡುಗರಿಗಾಗಿ ಕನ್ನಡದಲ್ಲಿ ನಾಲ್ಕು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಅದರಲ್ಲಿ ಹೀಗೆ ಕತ್ತು, ತಂತಿಯ ಎತ್ತರ ಸರಿ ಮಾಡುವುದಕ್ಕೆ ‘ಸೆಟಪ್ ಮಾಡುವುದು’ ಅನ್ನುವ ಕಡೆ ‘ಜವಾರಿ ತೆಗೆಯುವುದು’ ಅಂತ ಬರೆಯುವ ಆಸೆ.

ಉಳಿದ ಪದಗಳಲ್ಲಿ ಅಷ್ಟು ತೊಡಕಿಲ್ಲ. ಫ್ರೆಟ್‌ಗೆ ವೀಣೆಯವರ ‘ಮೆಟ್ಟಿಲು’ ಇಟ್ಟುಕೊಂಡಿದ್ದೇನೆ. ಕಾಕಾ ‘ಪಡದಾ’ ಅನ್ನುತ್ತಾರೆ, ಸಿತಾರಿನವರ ಮಾತು. ಆದರೆ ಹುಡುಗರಿಗೆ ಮೂರನೇ ಮೆಟ್ಟಿಲು ಅಂದರೆ ಬೆರಳು ತಾನೇ ಅಲ್ಲಿಗೆ ಹೋಗುತ್ತದೆ. ಲಿಯೋ ಫೆಂಡರ್ 1951ರಲ್ಲಿ ತಂದ ಬೇಸಿಗೆ ‘ಪ್ರಿಸಿಷನ್’ ಅಂತ ಹೆಸರು ಬಂದದ್ದೂ ಈ ಮೆಟ್ಟಿಲಿನಿಂದಲೇ: ಒತ್ತಿದ ಕಡೆ ಸ್ವರ ಕರಾರುವಾಕ್ಕಾಗಿ ಸಿಗುತ್ತದೆ. ಬ್ರಿಜ್‌ಗೆ ‘ಕುದುರೆ’. ಮರಾಠಿಯ ಘೋಡಿಯೂ ಕುದುರೆಯೇ, ಫ್ರೆಂಚರ ಶವಾಲೆ ಅಂದರೂ ಪುಟ್ಟ ಕುದುರೆ, ಪರ್ಷಿಯನ್ ಭಾಷೆಯಲ್ಲಿ ಮಾತ್ರ ಅದು ಪುಟ್ಟ ಕತ್ತೆ. ತಂತಿಯ ಅದುರನ್ನು ಕರೆಂಟಿಗೆ ತಿರುಗಿಸುವ ಪಿಕಪ್, ಸದ್ದು ಹೆಚ್ಚಿಸುವ ಆಂಪ್ ಹಾಗೇ ಇರಲಿ. ಪಿಕಪ್ಪಿನ ಗೂಡಿಗೆ ತಾಮ್ರದ ಟೇಪ್ ಅಂಟಿಸಿ ಅರ್ಥ್ ಕೊಟ್ಟರೆ ಕರೆಂಟಿನ ಗುಂ ಅನ್ನುವ ಸದ್ದು ಕಡಿಮೆ ಆಗುತ್ತದೆ. ಆ ಸದ್ದೇ ಬೇರೆ, ಅದಕ್ಕೆ ಜವಾರಿ ಅನ್ನಬಾರದು. ಸದ್ಯಕ್ಕೆ ‘ಗುಂಗುಡುವುದು’ ಅಂತ ಬರೆದಿದ್ದೇನೆ.

‘ಬೇಸ್’ ಅನ್ನುವುದಕ್ಕೇ ಒಂದು ಮಾತು ಬೇಕಿತ್ತು. ವಿಜಯಪುರದ ನಮ್ಮ ಅತ್ತೆ ‘ಬೇಸ್ ಗಿಟಾರ್’ ಅಂದದ್ದನ್ನು ಕೇಳಿ, "ಬೇಸ್ ಇದ್ದರ ಛಲೋ ಆತು ಬಿಡು" ಅಂದರು. ಅಲ್ಲಿ ಬೇಸ್ ಅಂದರೆ ಒಳ್ಳೆಯದು. ನನ್ನ ಒಲವು ‘ಖರ್ಜ’ದ ಕಡೆಗೆ. ಷಡ್ಜದಿಂದ ಬಂದ ಪದ. ತಂಬೂರಿಯ ಕೊನೆಯ ದಪ್ಪ ತಂತಿ ಖರ್ಜ, ಹಾರ್ಮೋನಿಯಂ ಕೊಳ್ಳುವಾಗಲೂ ರೀಡುಗಳ ಬಗೆಯನ್ನು ಖರ್ಜ, ನರ ಅಂತ ಕೇಳುತ್ತಾರೆ. ‘ಮಂದ್ರ’ ಚೆಂದದ ಪದವೇ, ಆದರೆ ಭಜನಿ ಮೇಳದವರ ಬಾಯಲ್ಲಿ ನಾನು ಕೇಳುವುದು ಖರ್ಜವನ್ನೇ.

ಈಗ ಕೇಳಬೇಕಾದದ್ದು. ‘ಜವಾರಿ ತೆಗೆ’ ಅನ್ನುವುದನ್ನು ಧಾರವಾಡ, ಬಾಗಲಕೋಟೆ, ಕಲಬುರಗಿ ಕಡೆ ಯಾರಾದರೂ ಕೇಳಿದ್ದೀರಾ? ಅಲ್ಲಿ ‘ತೆಗೆ’ ಬಳಸುತ್ತಾರೋ, ‘ಹಚ್ಚು’, ‘ಕೂಡಿಸು’ ಅನ್ನುತ್ತಾರೋ? ಮೈಸೂರಿನ ಕಡೆಯವರು ಈ ಮಾತು ಓದಿದರೆ ಮೊದಲು ಯಾವ ಅರ್ಥ ಹೊಳೆಯುತ್ತದೆ? ನಾಟಿ ಅನ್ನುವ ಜವಾರಿಗೂ ಇದಕ್ಕೂ ನಂಟಿದೆಯೋ, ಬರೀ ದನಿ ಒಂದೇ ಆಗಿದೆಯೋ? ಇನ್ನೊಂದು: ಸವದತ್ತಿ ಎಲ್ಲಮ್ಮನ ಹಾಡು ಹೇಳುವವರ ಚೌಡಕಿಯಲ್ಲೂ ತಂತಿ ಹೀಗೇ ಜರ್ ಅನ್ನುತ್ತದೆ, ಅಲ್ಲಿ ಅದು ಬೇಕಾದ ಸದ್ದು. ಅದಕ್ಕೆ ಅವರದೇ ಹೆಸರು ಇದ್ದರೆ ದಯವಿಟ್ಟು ತಿಳಿಸಿ. ಜವಾರಿಗಿಂತ ಅದೇ ಹೊಂದಿದರೆ ಟಿಪ್ಪಣಿಯಲ್ಲಿ ಅದನ್ನೇ ಹಾಕುತ್ತೇನೆ.