ಕೊಯ್ಲು ಟೈಮಲ್ಲಿ ಮನೆಗೆ ಬರೋ ಕೋಲಾ ಬಾಟ್ಲಿ: ಇದ್ರಲ್ಲಿ ಮೈಗೆ ಹತ್ತೋದು ಎಂತ ಇದೆ?

ಹೊಸನಗರ_ತೋಟದಮನೆ:
ಎಲ್ರಿಗೂ ನಮಸ್ಕಾರ. ನಮ್ಮಲ್ಲಿ ಅಡಿಕೆ ಕೊಯ್ಲು ನಡೀತಿದೆ, ಕೊನೆ ತೆಗೆಯೋರು ಸುಲಿಯೋರು ಎಲ್ಲ ಸೇರಿ ಮನೆ ತುಂಬ ಜನ. ಮೊದ್ಲೆಲ್ಲ ಮಜ್ಜಿಗೆ ಇಲ್ಲಾ ಬೆಲ್ಲದ ಪಾನಕ ಕೊಟ್ರೆ ಆಗ್ತಿತ್ತು, ಈಗ ಹುಡುಗ್ರು ಕೋಲಾನೇ ಕೇಳ್ತಾರೆ, ಹಂಗಾಗಿ ನಮ್ಮನೆಯವ್ರು ಪೇಟೆಗೆ ಹೋದಾಗೆಲ್ಲ ದೊಡ್ಡ ಬಾಟ್ಲಿ ತರ್ತಾರೆ, ಉಳಿದಿದ್ದು ಫ್ರಿಜ್ಜಲ್ಲಿ ಇರುತ್ತೆ. ಒಂಬತ್ತನೇ ಕ್ಲಾಸ್ ಮಗ ಸ್ಕೂಲಿಂದ ಬಂದವ್ನೇ ಅದನ್ನೇ ಹುಡುಕ್ತಾನೆ. ಅತ್ತೆಗೆ ಶುಗರ್ ಇದೆ, ಆದ್ರೂ ಊಟ ಆದ್ಮೇಲೆ ಗ್ಯಾಸ್ ಹೋಗುತ್ತೆ ಅಂತ ಅರ್ಧ ಲೋಟ ಕುಡೀತಾರೆ. ಇದ್ರಲ್ಲಿ ಪೌಷ್ಟಿಕ ಅನ್ನೋದು ಸ್ವಲ್ಪನಾದ್ರೂ ಇದ್ಯಾ? ಒಂದ್ಸಲ ಕುಡಿದ್ರೆ ಮತ್ತೆ ಬೇಕು ಅನ್ಸೋದು ಎಂತಕ್ಕೆ? ಶುಗರ್ ಇಲ್ದಿರೋ ಜೀರೋ ತಂದ್ರೆ ಅತ್ತೆಗೆ ಪರವಾಗಿಲ್ವಾ? ಗೊತ್ತಿರೋರು ಹೇಳಿ, ನಂಗೆ ನಿಜ್ವಾಗ್ಲೂ ಚಿಂತೆ ಆಗಿದೆ.

ತುಂಗೆ_ದಂಡೆ:
ಅಕ್ಕ, ಬಾಟ್ಲಿ ತಿರುಗಿಸಿ ಲೇಬಲ್ ನೋಡಿ. ಪ್ರೋಟೀನ್ 0, ಕೊಬ್ಬು 0, ವಿಟಮಿನ್ ಹೆಸ್ರೇ ಇರಲ್ಲ, ಇರೋದು ಸಕ್ಕರೆ ಒಂದೇ. ಸಾಮಾನ್ಯ ಕೋಲಾದಲ್ಲಿ 100 ಎಂಎಲ್‌ಗೆ ಹತ್ತತ್ರ 10.6 ಗ್ರಾಂ, ಅಂದ್ರೆ 250 ಎಂಎಲ್ ಚಿಕ್ಕ ಬಾಟ್ಲೀಲಿ 26 ಗ್ರಾಂ ಚಿಲ್ಲರೆ, ಆರು ಚಮಚದ ಮೇಲಾಯ್ತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಹೊರಗಿಂದ ಸೇರೋ ಸಕ್ಕರೆ ದೊಡ್ಡೋರಿಗೇ ದಿನಕ್ಕೆ 50 ಗ್ರಾಂ ಒಳಗಿರ್ಲಿ, 25ಕ್ಕೆ ಇಳಿಸಿದ್ರೆ ಇನ್ನೂ ಒಳ್ಳೇದು ಅಂತ. ಮಗ ಒಂದು ದೊಡ್ಡ ಲೋಟ ಕುಡಿದ್ರೆ ಅಲ್ಲಿಗೇ ಆ 25 ಮುಗೀತು. ಅಷ್ಟು ಕುಡಿದ್ರೂ ಹೊಟ್ಟೆ ತುಂಬಿದ ಹಾಗಾಗಲ್ಲ, ಊಟ ಎಂದಿನಷ್ಟೇ ಹೋಗುತ್ತೆ.

ಇನ್ನು ಮತ್ತೆ ಬೇಕು ಅನ್ಸೋದು. ಅದನ್ನ ಮಾಡಿರೋದೇ ಹಂಗೆ. ಅಷ್ಟು ಸಕ್ಕರೆ ಬರೀ ನೀರಿಗೆ ಹಾಕಿ ಕೊಟ್ರೆ ಯಾರೂ ಎರಡನೇ ಲೋಟ ಕೇಳಲ್ಲ, ಆದ್ರೆ ಫಾಸ್ಫಾರಿಕ್ ಆಸಿಡ್ ಹಾಕಿ ಹುಳಿ ಮಾಡಿರ್ತಾರೆ, ಆ ಹುಳಿ ಸಿಹೀನ ಹಿಡಿದಿಡುತ್ತೆ, ಮೇಲಿಂದ ಗ್ಯಾಸು ನಾಲಿಗೆ ಚುರ್ ಅನ್ಸುತ್ತೆ, ಐಸ್ ಥರ ತಣ್ಣಗಿದ್ರೆ ಸಿಹಿ ಇನ್ನೂ ಕಮ್ಮಿ ಗೊತ್ತಾಗುತ್ತೆ. ಪರೀಕ್ಷೆ ಮಾಡ್ಬೇಕಂದ್ರೆ ಒಂದು ಲೋಟ ಹೊರಗಿಟ್ಟು ಸಂಜೆ ಗ್ಯಾಸ್ ಹೋದ್ಮೇಲೆ ಮಗನಿಗೇ ಕುಡಿಯೋಕೆ ಕೊಡಿ, ಸಕ್ಕರೆ ಅದೇ ಇರುತ್ತೆ ಆದ್ರೆ ಗುಟುಕು ಇಳಿಯಲ್ಲ. ಜೊತೆಗೆ ಕೆಫೀನ್ ಇದೆ, 250 ಎಂಎಲ್‌ಗೆ 25 ಮಿಲಿಗ್ರಾಂ ಹತ್ರ, ನಮ್ಮ ಫಿಲ್ಟರ್ ಕಾಫೀಲಿ ಇದಕ್ಕಿಂತ ಜಾಸ್ತಿನೇ ಇರುತ್ತೆ ಸರಿ, ಆದ್ರೆ ಮಕ್ಕಳಿಗೆ ಕಾಫಿ ಕೊಡೋಕೆ ಯೋಚ್ನೆ ಮಾಡೋ ಮನೇಲಿ ಇದನ್ನ ಕೇಳೋರೇ ಇಲ್ಲ.

ಅಂದಹಾಗೆ ಇದು ಹುಟ್ಟಿದ್ದೇ ಔಷಧಿ ಮಾಡೋರ ಕೈಲಿ, 1886ರಲ್ಲಿ ಅಟ್ಲಾಂಟಾದ ಜಾನ್ ಪೆಂಬರ್ಟನ್ ಕೋಕಾ-ಕೋಲಾ ಮಾಡಿದ್ದು ಟಾನಿಕ್ ಅಂತಾನೇ. ಸೋಡಾ ಕುಡಿದ್ರೆ ಹೊಟ್ಟೆಗೆ ಒಳ್ಳೇದು ಅನ್ನೋ ನಂಬಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅತ್ತೆಗೆ ತೇಗು ಬರೋದು ಕುಡಿದ ಗ್ಯಾಸೇ ವಾಪಸ್ ಬರೋದಕ್ಕೆ, ಹೊಟ್ಟೇಲಿ ಇದ್ದಿದ್ದು ಹೋಯ್ತು ಅಂತಲ್ಲ. ಉಬ್ಬರ, ಎದೆಯುರಿ ಇರೋರಿಗೆ ಇದ್ರಿಂದ ಜಾಸ್ತಿನೂ ಆಗ್ಬೋದು.

ಸಾಗರದ_ನರ್ಸ್:
ಶುಗರ್ ಇರೋರಿಗೆ ಸಾದಾ ಕೋಲಾ ಬೇಡವೇ ಬೇಡ ಅಕ್ಕ, ಕುಡಿಯೋ ಸಕ್ಕರೆ ಬಹಳ ಬೇಗ ರಕ್ತಕ್ಕೆ ಏರುತ್ತೆ. ಒಂದು ಸಂದರ್ಭ ಮಾತ್ರ ಬೇರೆ. ಅತ್ತೆ ಇನ್ಸುಲಿನ್ ಅಥವಾ ಮಾತ್ರೆ ತಗೊಂಡು ಶುಗರ್ ಇಳಿದು ಬೆವರಿ ನಡುಗೋಕೆ ಶುರುವಾದ್ರೆ, ಎಚ್ಚರ ಇದ್ದಾಗ 150 ಎಂಎಲ್ ಸಾದಾ ಕೋಲಾ ಕೊಡ್ಬೋದು, 15 ಗ್ರಾಂ ಸಕ್ಕರೆ ಸಿಗುತ್ತೆ. ಆಗ ಜೀರೋ ಕೊಟ್ರೆ ಏನೂ ಪ್ರಯೋಜನ ಇಲ್ಲ, ಇದನ್ನ ಮನೆಯೋರಿಗೆಲ್ಲ ಹೇಳಿಡಿ.

ಜೀರೋಲಿ ಸಕ್ಕರೆ ಇಲ್ಲ, ಅದು ನಿಜ. ಅದ್ರಲ್ಲಿ ಸಕ್ಕರೆ ಬದ್ಲು ಸಿಹಿಗೆ ಹಾಕೋ ಆಸ್ಪರ್ಟೇಮ್ ಬಗ್ಗೆ 2023ರಲ್ಲಿ ಕ್ಯಾನ್ಸರ್ ಸುದ್ದಿ ಬಂತಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದೋರು ಅದನ್ನ 'ಕ್ಯಾನ್ಸರ್ ತರಬಹುದು' ಅನ್ನೋ ಗುಂಪಿಗೆ ಸೇರಿಸಿದ್ರು, ಅದೇ ಟೈಮಲ್ಲಿ ಇನ್ನೊಂದು ತಜ್ಞರ ಸಮಿತಿ ದಿನಕ್ಕೆ ಮೈತೂಕದ ಕೆಜಿಗೆ 40 ಮಿಲಿಗ್ರಾಂ ಅನ್ನೋ ಹಳೇ ಮಿತಿನ ಹಾಗೇ ಇಟ್ಕೊಂಡ್ತು. ಅಪರೂಪಕ್ಕೆ ಅರ್ಧ ಲೋಟಕ್ಕೆ ಹೆದರೋದು ಬೇಡ. ಆದ್ರೆ ಹಲ್ಲು ಸವೆಯೋ ವಿಷ್ಯಕ್ಕೆ ಎರಡೂ ಹತ್ತತ್ರ ಒಂದೇ, ಹುಳಿ ಎರಡರಲ್ಲೂ ಇದೆ. ಪಿಎಚ್ ಅಂದ್ರೆ ಹುಳಿ ಅಳೆಯೋ ಅಂಕಿ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ; ಅದು 5.5ರ ಕೆಳಗೆ ಬಂದ್ರೆ ಹಲ್ಲಿನ ಮೇಲ್ಪದರ ಕರಗೋಕೆ ಶುರು, ಸಾದಾ ಕೋಲಾ 2.5ರ ಹತ್ರ ಇರುತ್ತೆ. ಮಗ ಕುಡಿದ್ರೆ ಗುಟುಕು ಗುಟುಕಾಗಿ ಸಂಜೆ ಪೂರ್ತಿ ಬೇಡ, ಊಟದ ಜೊತೆ ಕುಡಿದು ಮುಗಿಸಿ ಬಾಯಿ ಮುಕ್ಕಳಿಸ್ಲಿ, ತಕ್ಷಣ ಬ್ರಶ್ ಮಾಡೋದೂ ಬೇಡ.

ಇನ್ನೊಂದು, ವಾಂತಿ ಭೇದಿ ಆದಾಗ ಕೋಲಾ ಕುಡಿಸೋ ಅಭ್ಯಾಸ ನಮ್ಮ ಕಡೆ ಇದೆ, ದಯವಿಟ್ಟು ಮಾಡ್ಬೇಡಿ. ಅಷ್ಟು ಸಕ್ಕರೆಯಿಂದ ಭೇದಿ ಹೆಚ್ಚಾಗುತ್ತೆ, ಬೇಕಾದ ಉಪ್ಪಿನಂಶ ಸಿಗಲ್ಲ. ಓಆರ್‌ಎಸ್ ಕೊಡಿ.

ಆಲೆಮನೆ_ಹುಡುಗ:
ಎಲ್ಲ ಸರಿ ಮಾರಾಯ್ರೆ, ಆದ್ರೆ ನಮ್ಮೂರಿನದು ಅಂದ್ಕೂಡ್ಲೆ ಎಲ್ಲ ಆರೋಗ್ಯ ಅಂದ್ಕೋಬಾರ್ದು. ಕಬ್ಬಿನ ಹಾಲಲ್ಲಿ ಸಕ್ಕರೆ ಕೋಲಾಕ್ಕಿಂತ ಕಮ್ಮಿ ಏನಿಲ್ಲ, ಆಲೆಮನೆಗೆ ಹೋದ್ರೆ ನಾವು ಚೊಂಬುಗಟ್ಲೆ ಕುಡೀತೀವಿ. ಬೆಲ್ಲದ ಪಾನಕನೂ ಸಿಹಿನೇ. ಅತ್ತೆಗೆ ಕೋಲಾ ತಪ್ಸಿ ಅದನ್ನ ಕೊಟ್ರೆ ಏನೂ ಉಪಯೋಗ ಆಗಲ್ಲ. ಆದ್ರೆ ಆಲೆಮನೆ ವರ್ಷಕ್ಕೊಂದ್ಸಲ, ಫ್ರಿಜ್ಜಲ್ಲಿರೋ ಬಾಟ್ಲಿ ದಿನಾ, ನಂಗೆ ಕಾಣೋ ತೊಂದ್ರೆ ಅದು. ಬಾಟ್ಲಿ ತೋಟದಲ್ಲೇ ಖಾಲಿ ಆಗೋ ಹಾಗೆ ಚಿಕ್ಕದು ತನ್ನಿ, ಮನೆ ಒಳಗೆ ಬರೋದೇ ಬೇಡ.

ಹೊಸನಗರ_ತೋಟದಮನೆ:
ತುಂಬಾ ಥ್ಯಾಂಕ್ಸ್. ಶುಗರ್ ಇಳಿದಾಗಿನ ವಿಷ್ಯ ಯಾರೂ ಹೇಳಿರ್ಲಿಲ್ಲ, ಅತ್ತೆಗೂ ಓದಿ ಹೇಳ್ದೆ. ಕೆಲಸದವ್ರಿಗೆ ಕೋಲಾ ಬದ್ಲು ಎಂತ ಕೊಡ್ಲಿ? ಮಜ್ಜಿಗೆ ಅಂದ್ರೆ ಹುಡುಗ್ರು ಮುಖ ಮುರೀತಾರೆ.

ತುಂಗೆ_ದಂಡೆ:
ಅವ್ರಿಗೆ ಬೇಕಾಗಿರೋದು ಆ ಹುಳಿ, ಆ ಚುರುಕು. ಮುರುಗಲು (ಪುನರ್ಪುಳಿ, ಕೋಕಂ) ಸಿಪ್ಪೆ ಇದ್ರೆ ರಾತ್ರಿನೇ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ, ಜೀರಿಗೆ ಪುಡಿ, ಉಪ್ಪು, ಬೆಲ್ಲ ಸ್ವಲ್ಪವೇ ಹಾಕಿ ಗಟ್ಟಿ ರಸ ಇಟ್ಕೊಳ್ಳಿ, ಕೊಡೋವಾಗ ತಣ್ಣಗಿರೋ ಸಾದಾ ಸೋಡಾ ಸೇರ್ಸಿ. ದೋಟಿ ಹಿಡಿದು ಬೆವರು ಸುರಿಸೋರಿಗೆ ಉಪ್ಪು ಬೇಕು, ಕೋಲಾದಲ್ಲಿ ಅದು ಹೆಸರಿಗೆ ಮಾತ್ರ ಇರೋದು. ಮಗನಿಗೂ ಅದೇ ಕೊಡಿ, ಬಣ್ಣ ನೋಡೇ ಕುಡೀತಾನೆ. ಇದೂ ಹುಳಿನೇ, ಅವ್ನೂ ಕುಡಿದು ಬಾಯಿ ಮುಕ್ಕಳಿಸ್ಲಿ. ಅತ್ತೆಗಾದ್ರೆ ಬೆಲ್ಲ ಬೇಡ.

ಹೊಸನಗರ_ತೋಟದಮನೆ:
ಹೋದ ಬೇಸಿಗೇಲಿ ಒಣಗ್ಸಿದ್ದ ಸಿಪ್ಪೆ ಡಬ್ಬೀಲಿದೆ, ಉಪ್ಪು ಹಾಕಿ ಒಣಗ್ಸಿದ್ದು. ಆಗುತ್ತಾ?

ತುಂಗೆ_ದಂಡೆ:
ಬೂಸ್ಟು ಹಿಡಿದಿಲ್ಲ ಅಂದ್ರೆ ಧಾರಾಳ ಆಗುತ್ತೆ. ಒಂದ್ಸಲ ತೊಳೆದು ನೆನೆಹಾಕಿ, ಉಪ್ಪು ಮಾತ್ರ ರುಚಿ ನೋಡ್ಕೊಂಡು ಆಮೇಲೆ ಹಾಕಿ.