ಮಲ್‌ರೆಡಿ ಲಕೋಟೆಯೋ, ಬರಿಟ್‌ನ ಲಕೋಟೆಯೋ?

ಹಳೆಲಕೋಟೆ: ಅಂಚೆ ಸುಧಾರಣೆಯ ಚಿತ್ರಲಕೋಟೆ ಎಂದೊಡನೆ ಎಲ್ಲರೂ 1840ರ ಮಲ್‌ರೆಡಿಯತ್ತ ಓಡುತ್ತಾರೆ. ಕಲಾವಿದ ಮಲ್‌ರೆಡಿ ಚಿತ್ರ ಬಿಡಿಸಿದ, ಅಂಚೆ ಶುಲ್ಕ ಮೊದಲೇ ಸೇರಿದ ಆ ಲಕೋಟೆ ಬ್ರಿಟಿಷ್ ಸರಕಾರ ಮಾರಿದ ಸರಕು. ಜನರ ಕೂಗು ಇರುವುದು ಅಮೆರಿಕದ ಶಾಂತಿ ಪ್ರಚಾರಕ ಎಲಿಹು ಬರಿಟ್‌ನ ‘ಸಾಗರ ಪೆನ್ನಿ ಅಂಚೆ’ ಲಕೋಟೆಗಳಲ್ಲಿ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಒಂದು ಪತ್ರಕ್ಕೆ ಒಂದು ಶಿಲ್ಲಿಂಗ್, ಅಂದರೆ 12 ಪೆನ್ನಿ, ತೆರಬೇಕಿದ್ದ ಕಾಲದಲ್ಲಿ ಕಡಲು ದಾಟಿಸಲು ಒಂದೇ ಪೆನ್ನಿ ಸಾಕೆಂದು ಕೇಳಿದವು ಅವು. ಸಂಗ್ರಹಕ್ಕೆ ಅವೇ ಯೋಗ್ಯ.

ಠಸ್ಸೆಪ್ರಿಯ: ‘ಸರಕಾರ ಮಾರಿದ ಸರಕು’ ಎಂದರೆ ಮುಗಿಯಿತೇ? ಆ ಚಿತ್ರದಲ್ಲಿ ಬ್ರಿಟನ್ನಿನ ಸಂಕೇತವಾದ ದೇವಿ ಬ್ರಿಟಾನಿಯಾ ರೆಕ್ಕೆಯ ದೂತರನ್ನು ಲೋಕಕ್ಕೆಲ್ಲ ಕಳುಹಿಸುತ್ತಿದ್ದಾಳೆ. ಸುಧಾರಣೆಯನ್ನು ಇದಕ್ಕಿಂತ ಚೆನ್ನಾಗಿ ಯಾರು ಸಾರಿದ್ದಾರೆ? ಅಂಚೆ ಸುಧಾರಣೆಯ ಮುಂದಾಳು ರೋಲೆಂಡ್ ಹಿಲ್ ಅಂಚೆಚೀಟಿಗಿಂತ ಇದನ್ನೇ ಹೆಚ್ಚು ನಂಬಿದ್ದರು.

ಮಸಿಕುಡಿಕೆ: ನಂಬಿದ್ದರೇ? ಮಾರಾಟ ಶುರುವಾದದ್ದು ಮೇ 1ರಂದು. ಈ ಚಿತ್ರಕ್ಕೆ ಬದಲಿ ಮುದ್ರೆ ತರಬೇಕಾದೀತು ಎಂದು ಅದೇ ಹಿಲ್ ಮೇ 12ರಂದು ದಿನಚರಿಯಲ್ಲಿ ಬರೆದರು. ಚಿತ್ರವೇ ಕೆಟ್ಟದ್ದು.

ಠಸ್ಸೆಪ್ರಿಯ: ಚಿತ್ರ ಕೆಟ್ಟದ್ದಲ್ಲ, ಕೆಡಿಸಿದರು. ಇದನ್ನು ಗೇಲಿಮಾಡುವ ಅಣಕುಲಕೋಟೆ ಅಚ್ಚು ಹಾಕಿಸಿದವರಲ್ಲಿ ಕಾಗದದ ವ್ಯಾಪಾರಿಗಳೇ ಎಷ್ಟೋ ಮಂದಿ. ಸರಕಾರವೇ ಲಕೋಟೆ ಮಾರಿದರೆ ಅವರ ಅಂಗಡಿಗೆ ಕಲ್ಲು ಬೀಳುತ್ತಿತ್ತು.

ಮಸಿಕುಡಿಕೆ: ಅಚ್ಚು ಹಾಕಿಸಿದವರು ವ್ಯಾಪಾರಿಗಳು, ಸರಿ. ದುಡ್ಡು ಕೊಟ್ಟು ಕೊಂಡು ನಕ್ಕವರು ಯಾರು? ವ್ಯಂಗ್ಯಚಿತ್ರಕಾರ ಜಾನ್ ಲೀಚ್ ಬಾಟಲಿಯೊಳಗಿನ ಜಿಗಣೆಯನ್ನು (ಇಂಗ್ಲಿಷಿನಲ್ಲಿ ‘ಲೀಚ್’ ಎಂದರೆ ಜಿಗಣೆ) ಸಹಿಯಾಗಿ ಬಿಡಿಸಿದ ಅಣಕನ್ನು ಜನ ಹುಡುಕಿ ಕೊಂಡರು. ಉಳಿದ ಮಲ್‌ರೆಡಿ ರಾಶಿಯನ್ನು ನಾಶಮಾಡಲು ಯಂತ್ರವನ್ನೇ ಮಾಡಿಸಬೇಕಾಯಿತು!

ಠಸ್ಸೆಪ್ರಿಯ: ‘ರಾಶಿ’ ಉಳಿದದ್ದು ಅತಿಯಾಗಿ ಅಚ್ಚು ಮಾಡಿದ್ದರಿಂದ. ಕಲಾವಿದನ ಮೇಲೆ ಹೊರಿಸಬೇಡಿ. ಆ ಕೆತ್ತನೆಯನ್ನು ಭೂತಗನ್ನಡಿ ಹಿಡಿದು ಒಮ್ಮೆಯಾದರೂ ನೋಡಿದ್ದೀರಾ?

ಮಸಿಕುಡಿಕೆ: ನೋಡಿಯೇ ಹೇಳುತ್ತಿದ್ದೇನೆ. ಕಣ್ಣಿನ ಪರೀಕ್ಷೆ ನನಗೆ ಬೇಡ.

ಅಂಚೆಬಂಡಿ: ಮೂಲ ಮಾತಿಗೆ ಬನ್ನಿ. ಬರಿಟ್ ತೀರಿಕೊಂಡದ್ದು 1879ರಲ್ಲಿ. ಬ್ರಿಟಿಷ್ ಸಾಮ್ರಾಜ್ಯದ ಹಲವು ಭಾಗಗಳ ನಡುವೆ ಪೆನ್ನಿ ದರ ಬಂದದ್ದು 1898ರ ಕ್ರಿಸ್‌ಮಸ್ ದಿನ, ಬ್ರಿಟನ್‌–ಅಮೆರಿಕದ ನಡುವೆ 1908ರಲ್ಲಿ. ಸೋತ ಚಳವಳಿಯ ಕಾಗದ ಅದು.

ಹಳೆಲಕೋಟೆ: ‘ಸೋತ’ ಎಂಬ ಮಾತು ಅನ್ಯಾಯ. 1850ರ ದಶಕದಲ್ಲೇ ಹಲವು ವಸಾಹತುಗಳ ದರ ಆರು ಪೆನ್ನಿಗೆ ಇಳಿಯಿತು. ಸ್ಕಾಟ್ಲೆಂಡಿನ ಡಂಡೀಯ ವ್ಯಾಲೆಂಟೈನ್ ಕೆತ್ತಿದ ಲಕೋಟೆ, ಜಗತ್ತು ಸಾಗರ ಪೆನ್ನಿ ಅಂಚೆಯನ್ನು ನಿನ್ನಿಂದ ಬಯಸುತ್ತಿದೆ ಎಂದು ಬ್ರಿಟನ್ನಿಗೇ ಮುಖಾಮುಖಿ ಹೇಳಿತು. ಪತ್ರ ಹಾಕಿದವನು ತನ್ನ ಬೇಡಿಕೆಯನ್ನು ಅಂಚೆ ನೌಕರನ ಕೈಯಲ್ಲೇ ಹೊರಿಸಿದ.

ಅಂಚೆಬಂಡಿ: ಆರು ಪೆನ್ನಿ ಒಂದು ಪೆನ್ನಿಯಲ್ಲ.

ಠಸ್ಸೆಪ್ರಿಯ: ವ್ಯಾಪಾರಿಗಳ ವಿಷಯಕ್ಕೆ ಮಸಿಕುಡಿಕೆಯವರು ಇನ್ನೂ ಉತ್ತರ ಕೊಟ್ಟಿಲ್ಲ.